ರಾಣಿ ರೂಪಾಯಿಯ ದರ್ಜೆ

ಮದುವೆಯಾಗಿ ನಾನು ತಿಕೋಟಾದಿಂದ ವಿಜಾಪುರಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಮುಂದಿನ ಪಡಸಾಲೆಯಲ್ಲೇ ಮಾವನವರ ಅರಿವೆ ಅಂಗಡಿ. ಆಗ ಸೊಸೆಯಾದವಳು ಮಾವನ ಎದುರು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಚಹಾ ಇಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಡಬೇಕು. ನಾನೂ ಹಾಗೇ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾವನವರು ಗಾದಿಯ ಮೇಲೆ ಕರಿ ಅರಿವೆ ಹಾಸಿ, ಹಳೇ ಬೆಳ್ಳಿ ರೂಪಾಯಿಗಳನ್ನು ಹರವಿಕೊಂಡು ಕೂತಿದ್ದರು. ಬೆಳ್ಳಿ ನಾಣ್ಯ ಕೂಡಿಡುವುದು ಅವರ ಒಂದೇ ಒಂದು ಚಟ. ಒಂದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಮತ್ತೆ ಹತ್ತಿರ ತರುತ್ತಿದ್ದರು.

ನಾನು ಚಹಾ ಇಟ್ಟು ಒಳಗೆ ಹೊರಟಿದ್ದೆ. “ನಿಂದರ ಯವ್ವಾ. ನಿನ್ನ ಕಣ್ಣು ಇನ್ನಾ ಎಳೇವು ಅದಾವ. ಇದರಾಗ ಇಸ್ವಿ ಏನೈತಿ ನೋಡಿ ಹೇಳು,” ಎಂದರು.

ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಇಸವಿ ಓದಿದೆ. ಅವರ ಮುಖ ಅರಳಿತು. ಅಂದಿನಿಂದ ಅಂಗಡಿ ಖಾಲಿಯಿದ್ದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು, ಮುಖದ ಮೇಲೆ ಬೆರಳು ತಾಗಬಾರದು ಎಂದು ಕಲಿಸಿದರು. ರಾಣಿ ಛಾಪಿನ ರೂಪಾಯಿ ಸವೆಯುವುದಾದರೆ ಮೊದಲು ಸವೆಯುವುದು ಅವಳ ಕೆನ್ನೆ, ಆಮೇಲೆ ಕಿವಿಯ ಮೇಲಿನ ಕೂದಲು, ಆಮೇಲೆ ಕಿರೀಟದ ಮಣಿಗಳು. ಇದನ್ನೆಲ್ಲ ಹೇಳುವಾಗ ಅವರು ಮಾವನಂತೆ ಅಲ್ಲ, ನನ್ನ ಓರಗೆಯವರಂತೆ ಮಾತಾಡುತ್ತಿದ್ದರು. ಹೊಸ ಮನೆಯಲ್ಲಿ ನನಗೆ ಮೊದಲು ಸಿಕ್ಕ ಸ್ನೇಹ ಅದು.

ಮುಂದೆ ಒಂದು ವರ್ಷ ಪುಣೆಯ ಹಿರಿಯರೊಬ್ಬರು ನಮ್ಮೂರ ಜಲನಗರದ ತಮ್ಮ ಬೀಗರ ಮನೆಗೆ ಲಗ್ನಕ್ಕೆ ಬಂದಿದ್ದರು. ಹಳೇ ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಹೇಳುವುದೇ ಅವರ ಕಸುಬು. ಅವರು ಒಂದು ನಾಣ್ಯಕ್ಕೆ ದರ್ಜೆ ಬರೆದು, ಚೀಟಿ ಸಮೇತ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿದರೆ ಮುಂಬೈಯ ಸಂಗ್ರಾಹಕರೂ ಒಪ್ಪುತ್ತಾರೆ ಎಂಬ ಸುದ್ದಿ ಇತ್ತು. ಮಾವನವರು ಅವರನ್ನು ಅಂಗಡಿಗೆ ಕರೆತಂದರು.

ಹಿರಿಯರು ಭೂತಗನ್ನಡಿ ತೆಗೆದು ಒಂದೊಂದೇ ನೋಡುತ್ತ ಹೋದರು. ಅತ್ತೆಯವರು ತವರುಮನೆ ಘೋಣಸಗಿಯಿಂದ ತಂದಿದ್ದ ರೂಪಾಯಿಗಳು ಫಳಫಳ ಹೊಳೆಯುತ್ತಿದ್ದವು. ಅವನ್ನು ಬದಿಗೆ ಸರಿಸಿ, “ಇವಕ್ಕೆ ದರ್ಜೆ ಕಮ್ಮಿ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ. ತೊಳೆದ ನಾಣ್ಯದ ಮೇಲ್ಮೈ ಕೆಟ್ಟುಹೋಗುತ್ತದೆ,” ಎಂದರು.

ಬಾಗಿಲ ಹಿಂದೆ ನಿಂತಿದ್ದ ಅತ್ತೆ ಸುಮ್ಮನಿರಲಿಲ್ಲ. “ಏನ್ ಮಾತಂತ ಆಡ್ತೀರಿ! ದೀಪಾವಳಿಗೆ ಲಕ್ಷ್ಮಿ ಮುಂದ ಹೊಲಸ ರೂಪಾಯಿ ಇಡಬೇಕೇನ್ರಿ?”

ಹಿರಿಯರು ನಕ್ಕುಬಿಟ್ಟರು. “ಪೂಜೆಗೆ ಇವೇ ಒಳ್ಳೆಯವು, ತಾಯೀ. ನನ್ನ ಕೆಲಸಕ್ಕೆ ಮಾತ್ರ ಬೇಡ.”

ಕಡೆಗೆ ಅವರು ಎತ್ತಿಕೊಂಡದ್ದು ಒಂದೇ ನಾಣ್ಯ. ಕುರಿ ಕಾಯುವ ಗಿರಾಕಿಯೊಬ್ಬ ಮಗಳ ಮದುವೆಗೆ ಸೀರೆ ಒಯ್ದು, ಉಣ್ಣೆಯಲ್ಲಿ ಸುತ್ತಿಟ್ಟಿದ್ದ ಆ ರಾಣಿ ರೂಪಾಯಿಯನ್ನು ದುಡ್ಡಿನ ಬದಲು ಮಾವನವರಿಗೆ ಕೊಟ್ಟಿದ್ದ. “ಇದನ್ನು ಪುಣೆಗೆ ಒಯ್ಯಬಹುದು. ಅಲ್ಲಿ ದೊಡ್ಡ ಭೂತಗನ್ನಡಿಯಲ್ಲಿ ನೋಡಿ ಬರೆಯುತ್ತೇನೆ. ನಾಳೆಯೊಳಗೆ ತಿಳಿಸಿ,” ಎಂದು ಹೇಳಿ ಹೋದರು.

ಆ ಸಂಜೆ ಮನೆಯಲ್ಲಿ ಅದೇ ಮಾತು. ಮುಖಪರಿಚಯದ ಮೇಲೆ ನಾಣ್ಯ ಕೊಟ್ಟು ಕಳಿಸುವುದೇ ಎಂದು ನನ್ನ ಗಂಡನಿಗೆ ಅನುಮಾನ. “ಮನಿ ಲಕ್ಷ್ಮೀನ ಪರಸ್ಥಳಕ್ಕ ಕಳಸ್ತೀರೇನು?” ಎಂದು ಅತ್ತೆ. ಮಾವನವರ ಅಳುಕು ಬೇರೆಯೇ ಇತ್ತು. ಅದು ಒಂದನೇ ದರ್ಜೆಯದೆಂದು ಅವರು ಎಷ್ಟೋ ವರ್ಷ ನಂಬಿದ್ದರು. ಅಲ್ಲ ಎಂದು ಬರೆದು ಬಂದರೆ?

ಎಲ್ಲರ ಮಾತು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು. “ನೀ ಏನಂತಿ, ಯವ್ವಾ?”

ಆ ಮನೆಯಲ್ಲಿ ಯಾವುದೇ ವಿಷಯಕ್ಕೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಾಣ್ಯವನ್ನು ಅಂಚು ಹಿಡಿದು ಎತ್ತಿಕೊಂಡು ಹೇಳಿದೆ. “ಕಳಸೂಣ್ರಿ ಮಾವಾರ. ಆದರ ಅದು ಎರಡನೇ ದರ್ಜಾಕ್ಕ ಬರ್ತೈತಿ ಅನಸ್ತೈತ್ರಿ. ಕೆನ್ನಿ ಮ್ಯಾಲ ಚೂರು ಸವದೇತ್ರಿ.”

“ಎಲ್ಲಿ? ನನಗ ಕಾಣವಲ್ದಲ್ಲ!” ಎಂದು ಅವರು ದೀಪದ ಹತ್ತಿರ ಸರಿದರು. ನಾನು ತೋರಿಸಿದೆ. ಎಷ್ಟು ಹೊರಳಿಸಿ ನೋಡಿದರೂ ಅವರಿಗೆ ಕಾಣಲಿಲ್ಲ. ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಮಾವನವರು ಮಾತ್ರ, “ಆತು, ಕಳಸೇ ಬಿಡೂಣು. ನಿಂದು ಖರೇನೋ ನಂದು ಖರೇನೋ ಗೊತ್ತಾಗ್ಲಿ,” ಎಂದರು.

ಪುಣೆಯಿಂದ ಲಕೋಟೆ ಬರಲು ಮಳೆಗಾಲ ಮುಗಿಯಬೇಕಾಯಿತು. ಅಷ್ಟು ದಿನವೂ ನನ್ನ ಮಾತು ಸುಳ್ಳಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಬಂದ ಚೀಟಿಯನ್ನು ಗಂಡ ಗಟ್ಟಿಯಾಗಿ ಓದಿದರು. ಎರಡನೇ ದರ್ಜೆ, ಕೆನ್ನೆಯ ಮೇಲೆ ತುಸು ಸವೆತ.

ಮಾವನವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ತೊಡೆ ತಟ್ಟಿಕೊಂಡು ನಗತೊಡಗಿದರು. “ನೋಡೀರೇನ್ರಿ? ನಮ್ಮ ಸೊಸಿ ಹೇಳಿದ್ದ ಖರೇ ಆತು!” ಆ ವಾರವೆಲ್ಲ ಸೀರೆ ಕೊಳ್ಳಲು ಬಂದವರಿಗೆ, ದಾರ ಕೊಳ್ಳಲು ಬಂದವರಿಗೆ, ಸುಮ್ಮನೆ ನೆರಳಿಗೆ ನಿಂತವರಿಗೂ ಅದೇ ಕಥೆ ಹೇಳಿದರು. ತಾವು ಸೋತದ್ದನ್ನು ಅಷ್ಟು ಸಂಭ್ರಮದಿಂದ ಊರಿಗೆಲ್ಲ ಸಾರಿದ ಗಂಡಸನ್ನು ನಾನು ಮತ್ತೆ ಕಂಡಿಲ್ಲ.

ಚಳಿಗಾಲದಲ್ಲಿ ಬಬಲೇಶ್ವರದ ಗಿರಾಕಿಯೊಬ್ಬರು, ತಮ್ಮ ತಾಯಿಯ ಹತ್ತಿರ ಹಳೇ ರೂಪಾಯಿಗಳಿವೆ, ಬಂದು ನೋಡಿ ಎಂದು ಕರೆದರು. ಮಾವನವರು ಅತ್ತೆಯನ್ನೂ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಆ ಮನೆಯ ಮುದುಕಿ ಗಂಟು ಬಿಚ್ಚಿ ಮಾವನವರ ಮುಂದೆ ಇಟ್ಟಳು. ಅವರು ಅದನ್ನು ನನ್ನ ಕಡೆ ಸರಿಸಿದರು.

“ಗಂಡಸರು ನೀವಿರಾಗ, ಈ ಹುಡುಗಿ ನೋಡ್ತಾಳೇನ್ರಿ?” ಎಂದಳು ಮುದುಕಿ.

ಉತ್ತರ ಕೊಟ್ಟದ್ದು ಮಾವನವರಲ್ಲ, ಅತ್ತೆ. “ಆಕಿನ ನೋಡ್ಲಿ ಬಿಡ ಬೇ. ನಮ್ಮನ್ಯಾಗ ಇಂಥಾದ್ದೆಲ್ಲ ಆಕೀನ ಹೇಳಾಕಿ.”

ಮುದುಕಿ ನನಗೊಂದು ಮಣೆ ಹಾಕಿ, ತಂಬಿಗೆಯಲ್ಲಿ ಮಜ್ಜಿಗೆ ತಂದಿಟ್ಟು, ಏನು ಹೇಳುತ್ತೇನೋ ಎಂದು ನನ್ನ ಪಕ್ಕಕ್ಕೇ ಬಂದು ಕುಳಿತಳು.