ಚೌಡವ್ವ ಎರಡು ಸಲ ರುಬ್ಬುತ್ತಾಳೆ

ಶಿಗ್ಗಾವಿಯಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಚೌಡವ್ವ ಮನೆಯ ಹಿಂದಿನ ಒರಳಿನ ಮುಂದೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತಿದ್ದಾಳೆ. ಎಡಗೈ ಸೊಪ್ಪು ತಳ್ಳುತ್ತದೆ, ಬಲಗೈ ಗುಂಡು ತಿರುಗಿಸುತ್ತದೆ. ಒರಳಲ್ಲಿರುವುದು ಎಳೆಯ ನುಗ್ಗೆಸೊಪ್ಪು ಸ್ವಲ್ಪ, ರಾಜಗಿರಿ ಅದರ ಎರಡರಷ್ಟು, ಉಗುರಿನಷ್ಟು ಹಸಿಶುಂಠಿ. ನುಣ್ಣಗಾದ ಮೇಲೆ ಬಟ್ಟೆಯಲ್ಲಿ ಹಿಂಡುತ್ತಾಳೆ, ಮಜ್ಜಿಗೆ ಬೆರೆಸುತ್ತಾಳೆ, ಲಿಂಬೆ ಹಿಂಡಿ ಉಪ್ಪು ಹಾಕುತ್ತಾಳೆ, ಲೋಟ ಎತ್ತಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚುತ್ತಾಳೆ. ಸುಖದಿಂದ ಮುಚ್ಚಿದಳು ಎಂದು ಯಾರೂ ಬರೆಯಬಾರದು. ನಿದ್ದೆ ಸಾಲದೆ ಮುಚ್ಚಿದ್ದು. ಉಳಿದದ್ದನ್ನು ಹೊಸ್ತಿಲ ಮೇಲೆ ಕೂತ ಗಂಡ ಗುತ್ತೆಪ್ಪನ ಕೈಗೆ ಕೊಡುತ್ತಾಳೆ.

"ಹೆಂಗೈತಿ?"

"ನಿನ್ನಿನಂಗ ಐತಿ."

"ನಿನ್ನೆ ಹೆಂಗಿತ್ತು?"

"ಮೊನ್ನಿನಂಗ."

ಇಷ್ಟು ಅಭಿಪ್ರಾಯ ಪಡೆದು ಅವಳು ಕೈ ತೊಳೆದುಕೊಳ್ಳುತ್ತಾಳೆ. ಆಮೇಲೆ ಉಳಿದ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುಟ್ಟಿ ತಲೆಯ ಮೇಲಿಟ್ಟು, ಊರೊಳಗಿನ ಮಹಿಳಾ ಮಂಡಳದ ಕೋಣೆಗೆ ಹೋಗುತ್ತಾಳೆ. ಅಲ್ಲಿಯ ಒರಳಿನ ಮುಂದೆ ಮತ್ತೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತು ಇದೇ ಸೊಪ್ಪನ್ನು ಇದೇ ರೀತಿ ರುಬ್ಬುತ್ತಾಳೆ, ಈ ಸಲ ಹನ್ನೊಂದು ಮಂದಿ ಬಸುರಿಯರಿಗೆ. ಆದರೆ ಅಲ್ಲಿ ಒಂದು ಹನಿಯನ್ನೂ ಬಾಯಿಗೆ ಹಾಕುವುದಿಲ್ಲ. ಹಾಕುವ ಹಾಗಿಲ್ಲ.

ಊರು ಹಿರೇಬೆಂಡಿಗೇರಿಯ ಆಚೆ, ಬಸ್ಸು ಮುಂದೆ ದಾರಿ ಕಾಣದೆ ತಿರುಗಿ ಬರುವ ಕಡೆ ಇದೆ. ಹೆಸರು ಹಾಕಬಾರದು ಎಂಬುದು ಚೌಡವ್ವನ ಒಂದೇ ಷರತ್ತು. "ನನ್ನ ಹೆಸರು ಹಾಕ್ರಿ, ಏನಾಗಂಗಿಲ್ಲ. ಈ ಕಡೆ ಊರಿಗೆ ನಾಕು ಮಂದಿ ಚೌಡವ್ವಗೋಳು ಅದಾರ. ಊರಿನ ಹೆಸರು ಬ್ಯಾಡ. ನಾಳೆ ಇಲ್ಲೇ ಬಾಳೇವು ಮಾಡಾಕಿ ನಾನು." ಇಲ್ಲಿ ಬರುವ ಉಳಿದ ಹೆಂಗಸರ ಹೆಸರುಗಳನ್ನೂ ಅವಳೇ ಆರಿಸಿಕೊಟ್ಟಿದ್ದಾಳೆ, ಕೂಸಿಗೆ ಹೆಸರಿಡುವವರ ಹಾಗೆ ಒಂದೊಂದಕ್ಕೂ ಸ್ವಲ್ಪ ಹೊತ್ತು ತಗೊಂಡು.

ಅವಳ ತವರು ಹಿರೇಕೆರೂರು ಕಡೆ. ಮದುವೆಯಾಗಿ ಬಂದಂದಿನಿಂದ ಹತ್ತಿ ಬಿಡಿಸಿದ್ದಾಳೆ, ಮೆಣಸಿನಕಾಯಿ ಹರಿದಿದ್ದಾಳೆ, ಶೇಂಗಾ ಕಿತ್ತಿದ್ದಾಳೆ. ಮನೆ ಊರ ಹೊರಗಿನ ಕೇರಿಯಲ್ಲಿದೆ. ಆ ಕೇರಿಗೆ ಸರಕಾರಿ ಕಾಗದದಲ್ಲಿ ಒಂದು ಹೆಸರು, ಊರಿನ ಬಾಯಲ್ಲಿ ಇನ್ನೊಂದು. ಚೌಡವ್ವ "ನಮ್ಮ ಓಣಿ" ಎನ್ನುತ್ತಾಳೆ. ಅಲ್ಲಿಯವರನ್ನು ಊರು ಹೊಲಕ್ಕೆ ಕರೆಯುತ್ತದೆ, ಅಂಗಳಕ್ಕೆ ಕರೆಯುತ್ತದೆ, ಹೊಸ್ತಿಲಿನಲ್ಲಿ ನಿಲ್ಲಿಸುತ್ತದೆ.

ಎಂಬತ್ತೊಂದರ ಮಳೆಗಾಲದಲ್ಲಿ ಒಬ್ಬ ಡಾಕ್ಟರಬಾಯಿ ಊರಿಗೆ ಬಂದರು. ಬಸುರಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಯಾರಲ್ಲೂ ರಕ್ತವಿಲ್ಲ ಎಂದರು. ಮಾತ್ರೆ ಕೊಟ್ಟರು, ದಿನಾ ಬೆಳಿಗ್ಗೆ ಹಸಿರು ಸೊಪ್ಪಿನ ರಸವನ್ನೂ ಕುಡಿಯಬೇಕೆಂದರು. ಮಂಡಳಕ್ಕೆ ಹಣ ಬಂತು, ಒರಳು ಬಂತು, ಜೊತೆಗೆ ಒಂದು ನಿಯಮವೂ ಬಂತು: ರಸ ಮಾಡುವ ಹೆಂಗಸು ಆ ಹೊರಗಿನ ಕೇರಿಯವಳೇ ಆಗಿರಬೇಕು, ಇಲ್ಲದಿದ್ದರೆ ಹಣ ವಾಪಸು. ಊರಿಗೆ ಹಣ ಬೇಕಿತ್ತು. ಹಣದ ಹಿಂದೆ ಚೌಡವ್ವ ಬಂದಳು.

ಮಂಡಳದ ಅಧ್ಯಕ್ಷೆ ಫಕ್ಕೀರವ್ವ ಕೆಟ್ಟ ಹೆಂಗಸಲ್ಲ. ಮನೆಯಲ್ಲಿ ನಾಲ್ಕು ಎಮ್ಮೆ, ಯಾರು ಬಂದರೂ ಮಜ್ಜಿಗೆ ಇಲ್ಲ ಎಂದವಳಲ್ಲ. ಮೊದಲ ದಿನವೇ ಚೌಡವ್ವನನ್ನು ಪಕ್ಕಕ್ಕೆ ಕರೆದು, ಮೆತ್ತಗೆ ಹೇಳಿದಳು.

"ನೋಡವಾ, ನಾ ಏನೂ ಅನ್ನಂಗಿಲ್ಲ. ಮಂದಿ ಬಾಯಿ ಕೆಟ್ಟದ್ದು. ಕೊಡದಾಗಿಂದು ನೀ ಬಾಯಿಗೆ ಹಚ್ಚಿದಿ ಅಂತ ಗೊತ್ತಾತಂದ್ರ ಯಾರೂ ಕುಡಿಯಂಗಿಲ್ಲ. ಮಾಡು, ಮ್ಯಾಲಿಂದ ಹೊಯ್ಯಿ, ಮನಿಗೆ ಹೋಗು."

ಚೌಡವ್ವನಿಗೆ ಇದು ಕಷ್ಟ ಅನ್ನಿಸಲಿಲ್ಲ. ಅವಳ ಅವ್ವ ಕೂಡ ಒಲೆಯ ಮೇಲಿನದನ್ನು ಬಾಯಿಗೆ ಹಚ್ಚಿದವಳಲ್ಲ. ಬಡಿಸುವ ಮೊದಲು ಮುಟ್ಟಿದರೆ ಎಂಜಲು. ಈ ಸೀಮೆಯಲ್ಲಿ ಮೇಲಿನ ಕೇರಿಯ ಹೆಂಗಸರೂ ಮೂಗಿನಿಂದಲೇ ಅಡುಗೆ ಮಾಡುತ್ತಾರೆ. ಫಕ್ಕೀರವ್ವನಿಗೆ ಯಾರೂ ಇದನ್ನು ಪಕ್ಕಕ್ಕೆ ಕರೆದು ಹೇಳಬೇಕಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸಾರಿನ ವಿಷಯದಲ್ಲಿ ಮೂಗು ಮೋಸ ಮಾಡುವುದಿಲ್ಲ. ಹಸಿ ಸೊಪ್ಪಿನ ವಿಷಯದಲ್ಲಿ ಮಾಡಿತು. ಬಲಿತ ನುಗ್ಗೆಸೊಪ್ಪು, ಮೆಂತೆ, ಎರಡನ್ನೂ ದಂಟಿನ ಸಮೇತ ಹಾಕಿ ಚೌಡವ್ವ ರುಬ್ಬಿದಳು. ಹಸಿ ವಾಸನೆ ಬಂತೆಂದು ಪುದೀನ ಸೇರಿಸಿದಳು. ಕೋಣೆಯೆಲ್ಲ ಘಮಘಮ. ಬಸುರಿಯರು ತಂತಮ್ಮ ಮನೆಯಿಂದ ತಂದ ಲೋಟ ಹಿಡಿದರು, ಇವಳು ಮೇಲಿಂದ ಹೊಯ್ದಳು, ಅವರು ಮೂಸಿ ನೋಡಿ ಖುಷಿಪಟ್ಟರು, ಒಂದು ಗುಟುಕು ಕುಡಿದು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು.

ಮರುದಿನದಿಂದ ಎಲ್ಲರೂ "ಮನ್ಯಾಗ ಕುಡಿತೇವಿ" ಎಂದು ಲೋಟ ಸೆರಗಿನಲ್ಲಿ ಮುಚ್ಚಿಕೊಂಡು ಹೋಗತೊಡಗಿದರು. ಬಹಳ ದಿನದ ಮೇಲೆ ಗೊತ್ತಾಯಿತು, ರಸ ಕೊಟ್ಟಿಗೆಯ ಬಾನಿಗೆ ಬಿದ್ದು ಹಿಂಡಿಯ ಜೊತೆ ಎಮ್ಮೆಗಳ ಹೊಟ್ಟೆ ಸೇರುತ್ತಿತ್ತು. ಆ ವರ್ಷ ಊರಿನ ಎಮ್ಮೆಗಳಲ್ಲಿ ರಕ್ತಕ್ಕೆ ಕೊರತೆ ಇರಲಿಲ್ಲ. ಡಾಕ್ಟರಬಾಯಿ ಕಳಿಸಿದ ನರ್ಸು ಬಂದು, ಇಲ್ಲೇ ನನ್ನ ಕಣ್ಣೆದುರಿಗೆ ಕುಡಿಯಿರಿ ಎಂದಾಗ ಸಂಕಟ ಬಯಲಾಯಿತು. ಒಬ್ಬಳು ಕಹಿ ಎಂದಳು, ಒಬ್ಬಳು ಒಗರು ಎಂದಳು, ಒಬ್ಬಳು ಏನೂ ಅನ್ನದೆ ವಾಂತಿ ಮಾಡಿಕೊಂಡಳು. ಫಕ್ಕೀರವ್ವ ಗಡುವು ಹಾಕಿದಳು: "ಯುಗಾದಿ ತನಕ ನೋಡೂಣು. ಕುಡೀಲಿಲ್ಲಂದ್ರ ಬಂದ್ ಮಾಡೂಣು."

ಬಂದ್ ಆದರೆ ಚೌಡವ್ವ ಮತ್ತೆ ಹೊಲಕ್ಕೆ ಹೋಗಬೇಕು. ಅದು ಅವಳಿಗೆ ಹೊಸದಲ್ಲ. ಅವಳನ್ನು ರಾತ್ರಿ ಹೊರಳಾಡಿಸಿದ್ದು ಬೇರೆ ಪ್ರಶ್ನೆ. "ಕಹಿ ಅಂತ ಬಿಟ್ರೋ, ನನ್ನ ಕೈಯಾಂದು ಅಂತ ಬಿಟ್ರೋ? ಕೇಳಿದ್ರ ಯಾರು ಹೇಳ್ತಾರ್ರಿ. ಕಹಿ ತಗದು ನೋಡಬೇಕು. ಆಮ್ಯಾಲೂ ಕುಡೀಲಿಲ್ಲಂದ್ರ, ಆತು, ಗೊತ್ತಾತು. ಗೊತ್ತಾದ್ರ ಮನಸ್ಸು ಹಗರ ಆಕ್ಕೈತಿ."

ಕಹಿ ತೆಗೆಯುವುದಕ್ಕೆ ಅವಳು ಬೆಲ್ಲ ಹಾಕಿದಳು. ಹಾನಗಲ್ಲ ಕಡೆಯ ಕಳಿತ ಬಾಳೆಹಣ್ಣು ಕಿವುಚಿ ಹಾಕಿದಳು. ಬಸುರಿಯರ ಪ್ರಕಾರ ಈಗ ಕಹಿಯೂ ಇತ್ತು, ಸಿಹಿಯೂ ಇತ್ತು, ಜಗಳಾಡಿದ ಅತ್ತೆ ಸೊಸೆಯರ ಹಾಗೆ ಎರಡೂ ಬೇರೆ ಬೇರೆ ಕೂತಿದ್ದವು.

ದಾರಿ ತೋರಿಸಿದವಳು ಸವಣೂರಿನ ರಹಿಮಾಬಿ. ಶಿಗ್ಗಾವಿಯ ಸಂತೆಯಲ್ಲಿ ಸೊಪ್ಪು ಮಾರುವವಳು, ವಯಸ್ಸಾದವಳು, ಎಲೆ ಅಡಿಕೆ ಹಾಕಿದ ಬಾಯಿಯಿಂದ ಎಲ್ಲರನ್ನೂ ಬೈಯುವ ಹಕ್ಕು ಸಂಪಾದಿಸಿದವಳು. ಚೌಡವ್ವ ಪುದೀನದ ಮೇಲೆ ಪುದೀನ ಕೊಳ್ಳುವುದನ್ನು ನೋಡಿ ಕೇಳಿದಳು.

"ಏನ್ ಮಾಡ್ತೀಯವಾ ಇಷ್ಟು? ಮದವಿ ಐತೇನು?"

ಚೌಡವ್ವ ತನ್ನ ಕತೆ ಹೇಳಿದಳು.

"ನೀ ಕುಡದು ನೋಡೀಯೇನು?"

"ಇಲ್ಲಕ್ಕಾ. ಅಲ್ಲಿ ಕುಡಿಯಂಗಿಲ್ಲ."

"ಅಲ್ಲಿ ಕುಡಿಯಂಗಿಲ್ಲ. ನಿನ್ನ ಮನ್ಯಾಗ ಯಾರ ಅಪ್ಪನ ಹೆದರಿಕಿ?"

ಚೌಡವ್ವನಿಗೆ ಇದು ಯಾಕೆ ತನಗೇ ಹೊಳೆಯಲಿಲ್ಲ ಎಂದು ಇಂದಿಗೂ ಗೊತ್ತಿಲ್ಲ. ಬ್ಯಾಡ ಎಂದ ಮಾತು ಮಂಡಳದ ಕೋಣೆಯಿಂದ ಅವಳ ಜೊತೆಗೇ ಮನೆಗೂ ನಡೆದುಬಂದಿತ್ತು. ಮರುದಿನ ಮೊದಲ ಸಲ ಮನೆಯಲ್ಲಿ ಒಂದು ಲೋಟದಷ್ಟು ರುಬ್ಬಿ, ಕುಡಿದಳು. "ಅಯ್ ಶಿವನ, ಇದನ್ನ ಆ ಬಸರೆಂಗಸರಿಗೆ ಹೊಯ್ದೆನಲ್ಲ ಅಂತ ನನಗ ನಾಚಿಕಿ ಬಂತ್ರಿ," ಎನ್ನುತ್ತಾಳೆ. ನಾಚಿಕೆಯ ಬೆನ್ನಿಗೇ ಸ್ವಲ್ಪ ಸಮಾಧಾನವೂ ಬಂತು. ಅವರು ಸುಳ್ಳು ಹೇಳಿರಲಿಲ್ಲ.

ಅಂದಿನಿಂದ ದಿನಕ್ಕೆ ಎರಡು ರುಬ್ಬು. ಮೆಂತೆ, ಪುದೀನ ಬಿಟ್ಟಳು, ರಾಜಗಿರಿ, ಶುಂಠಿ ಹಿಡಿದಳು. ನುಗ್ಗೆಯಲ್ಲಿ ತುದಿಯ ಚಿಗುರು ಮಾತ್ರ ಇಟ್ಟುಕೊಂಡಳು, ದಂಟು ಬಿಡಿಸಿ ಎಸೆದಳು. ಸೊಪ್ಪನ್ನು ಕುದಿವ ನೀರಲ್ಲಿ ಒಮ್ಮೆ ಅದ್ದಿ ತೆಗೆದಳು, ಹಸಿ ನಾತ ಹೋಯಿತು. ಸೊಪ್ಪು ಕಡಿಮೆ ಮಾಡಿ ಮಜ್ಜಿಗೆ ಹೆಚ್ಚು ಮಾಡಿದಳು. ಬೆಲ್ಲ, ಬಾಳೆಹಣ್ಣು ಕೈಬಿಟ್ಟಳು. ಬಸುರಿ ನಾಲಿಗೆ ಹುಳಿ ಬೇಡುತ್ತದೆ ಎಂಬುದು ನಾಲ್ಕು ಹೆತ್ತವಳಿಗೆ ಮರೆತೇ ಹೋಗಿತ್ತು. ಹುಣಸೆ ಚಿಗುರಿನ ದಿನಗಳಲ್ಲಿ ಅದನ್ನೇ ಸೇರಿಸಿ ರುಬ್ಬಿದಳು, ಉಳಿದ ಕಾಲಕ್ಕೆ ಲಿಂಬೆ ಹಿಂಡಿದಳು. ಇಷ್ಟು ಕಲಿಯುವುದಕ್ಕೆ ಒಂದು ಚಳಿಗಾಲ ಹಿಡಿಯಿತು. ಕೆಟ್ಟದ್ದೆಲ್ಲ ಗುತ್ತೆಪ್ಪನ ಪಾಲಾಯಿತು.

"ಮೂರು ತಿಂಗಳ ಕುಡದೇನ್ರಿ," ಎನ್ನುತ್ತಾನೆ ಅವನು. "ನನಗ ಮುಂಜಾನೆದ್ದ ಕೂಡ್ಲೆ ವಾಕರಿಕಿ ಬರಾಕ ಹತ್ತಿತ್ತು. ಓಣ್ಯಾಗ ಕೇಳಿದ್ರು, ಎಷ್ಟನೇದು ಅಂತ."

ಮಜ್ಜಿಗೆಯ ಸಂಗತಿಯನ್ನೂ ಹೇಳಬೇಕು. ಮನೆಯ ಲೋಟಕ್ಕೆ ಬೇಕಾದ ಮಜ್ಜಿಗೆಯನ್ನು ಚೌಡವ್ವ ಫಕ್ಕೀರವ್ವನ ಹಿತ್ತಲ ಬಾಗಿಲಲ್ಲಿ ಹೊಯ್ಯಿಸಿಕೊಳ್ಳುತ್ತಾಳೆ, ತನ್ನ ಅತ್ತೆ ಹೊಯ್ಯಿಸಿಕೊಂಡ ಹಾಗೆ. ಮಂಡಳದ ಕೊಡಕ್ಕೆ ಅದೇ ಗಡಿಗೆಯ ಮಜ್ಜಿಗೆ ತಲಬಾಗಿಲಿಂದ ಬರುತ್ತದೆ. ಮೇಲಿನ ಕೇರಿಯಿಂದ ಹೊರಗಿನ ಕೇರಿಗೆ ಮಜ್ಜಿಗೆ ಎಷ್ಟೋ ತಲೆಮಾರಿನಿಂದ ಹರಿದಿದೆ. ಅದು ಹಸಿರು ಬಣ್ಣ ತಾಳಿ ಹಿಂದಕ್ಕೆ ಹರಿಯುತ್ತಿರುವುದು ಇದೇ ಮೊದಲು.

ಯುಗಾದಿ ಬಂತು, ಹೋಯಿತು. ಬಂದ್ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಚೆನ್ನಾಗಿದೆ ಎಂಬ ಮಾತನ್ನೂ ಎತ್ತಲಿಲ್ಲ. ಆದರೆ ಹನ್ನೊಂದರಲ್ಲಿ ಒಂಬತ್ತು ಲೋಟ ಅಲ್ಲೇ ಖಾಲಿಯಾಗತೊಡಗಿದವು, ಕೆಲವು ಎರಡನೇ ಸಲವೂ ಮುಂದೆ ಬಂದವು. ಈ ಎರಡು ವರ್ಷದಲ್ಲಿ ಹೆತ್ತು ಹೋದವರೆಷ್ಟೋ, ಹೊಸದಾಗಿ ಬಂದವರೆಷ್ಟೋ, ಈ ಲೆಕ್ಕ ಹೆಚ್ಚುಕಡಿಮೆ ಹಾಗೇ ಇದೆ. ಕಹಿ ಎನ್ನುವವರು ಯಾರೂ ಇಲ್ಲ. ಕುಡಿಯದವರು ಈಗ ಬೇರೆ ಕಾರಣ ಹುಡುಕಿಕೊಂಡಿದ್ದಾರೆ. "ಒಬ್ಬಾಕಿಗೆ ಥಂಡಿ ಆಕ್ಕೈತಂತ," ಎನ್ನುತ್ತಾಳೆ ಚೌಡವ್ವ. "ಇನ್ನೊಬ್ಬಾಕಿ ವಾರದ ಉಪಾಸ ಹಿಡದಾಳಂತ. ವಾರದಾಗ ಏಳೂ ದಿನ." ಹೇಳಿ ನಗುತ್ತಾಳೆ, ನಗು ಅರ್ಧಕ್ಕೇ ಆಕಳಿಕೆಯಾಗುತ್ತದೆ. "ಗೊತ್ತಾತಲ್ರಿ. ಇಬ್ಬರು. ನನ್ನ ಕೈಯಾಂದು ಅಂತ ಬಿಟ್ಟವರು ಹನ್ನೊಂದೂ ಮಂದಿ ಇರಬೇಕು ಅಂದ್ಕೊಂಡಿದ್ದೆ."

ಹಗುರವಾಯಿತೇ ಎಂದರೆ ಬಲಗೈ ತೋರಿಸುತ್ತಾಳೆ. ರಟ್ಟೆ ನೋಯುತ್ತದೆ, ರಾತ್ರಿ ಗುತ್ತೆಪ್ಪ ಬಿಸಿ ಎಣ್ಣೆ ತಿಕ್ಕುತ್ತಾನೆ. ಸೊಪ್ಪು ದಿನಕ್ಕೊಂದು ಥರ ಇರುತ್ತದೆ, ರುಚಿ ನೋಡದೆ ಆಗುವುದಿಲ್ಲ. ಒಂದೇ ಸಲ ರುಬ್ಬಿ ಅಲ್ಲೇ ರುಚಿ ನೋಡುವಂತಿದ್ದರೆ ನಸುಕಿನ ರುಬ್ಬು ತಪ್ಪುತ್ತಿತ್ತು, ಒಂದಿಷ್ಟು ನಿದ್ದೆಯೂ ಸಿಗುತ್ತಿತ್ತು. ಮನೆಯಲ್ಲಿ ನೋಡಿದ ರುಚಿ ಮಂಡಳದ ಕೊಡದಲ್ಲಿ ಹಾಗೇ ಬರುತ್ತದೆಂಬ ಖಾತ್ರಿಯೂ ಇಲ್ಲ. ಸೊಪ್ಪು, ಶುಂಠಿ, ಹುಳಿ ಲೆಕ್ಕಕ್ಕೆ ಸಿಗುತ್ತವೆ. ಒಂದು ಲೋಟದ ಉಪ್ಪನ್ನು ಒಂದು ಕೊಡಕ್ಕೆ ಬೆಳೆಸುವಾಗ ಕೈ ಅಂದಾಜಿನ ಮೇಲೆ ನಡೆಯುತ್ತದೆ.

ಹೋದ ತಿಂಗಳು ಆ ಅಂದಾಜು ತಪ್ಪಿತು. ಮಂಡಳಕ್ಕೆ ಅಂಗಡಿಯಿಂದ ಹೊಸ ಉಪ್ಪು ಬಂದಿತ್ತು, ಗರಿಗರಿ ಒಣಗಿದ್ದು. ಹಳೆಯದು ಮಳೆಯ ತೇವ ಕುಡಿದು ಸಪ್ಪೆಯಾಗಿತ್ತು. ಚೌಡವ್ವ ಹಳೆಯ ಮುಷ್ಟಿಯನ್ನೇ ಹಾಕಿದಳು. ಸಾಲಿನಲ್ಲಿ ಮೊದಲು ನಿಂತವಳು ಹೊಳೆವ್ವ, ಚೊಚ್ಚಲ ಬಸುರಿ, ಬಾಯಿಗೆ ಬಂದದ್ದನ್ನು ಅಲ್ಲೇ ಆಡಿಬಿಡುವ ಹುಡುಗಿ. ಒಂದು ಗುಟುಕು ಕುಡಿದು ಲೋಟ ಮುಂದೆ ಚಾಚಿದಳು.

"ಉಪ್ಪು ಹೆಚ್ಚಾಗೈತಿ ಚೌಡವ್ವ. ಖರೇ ಅನಸ್ಲಿಲ್ಲಂದ್ರ ತಗೋ, ಕುಡದು ನೋಡು."

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಫಕ್ಕೀರವ್ವ ತಲೆ ಎತ್ತಲಿಲ್ಲ, ಬೆರಳು ಮಾತ್ರ ಮೊರದಲ್ಲಿ ನಿಂತವು. ಲೋಟ ಇಬ್ಬರ ನಡುವೆ ಹಾಗೇ ಇತ್ತು. ಚೌಡವ್ವ ಅದನ್ನು ನೋಡಿದಳು, ಕೈ ಸೆರಗಿಗೆ ಒರೆಸಿಕೊಂಡಳು.

"ನೀವು ಅಂದ್ರಲ್ಲವಾ, ಮುಗೀತು," ಎಂದು ಕೊಡಕ್ಕೆ ಮಜ್ಜಿಗೆ ಹೊಯ್ದಳು.

ತಾನು ಏನು ಅಂದೆ ಎಂಬುದು ಹೊಳೆವ್ವನಿಗೆ ಆಗಷ್ಟೇ ತಿಳಿದದ್ದು. ಲೋಟ ಹಿಂದಕ್ಕೆಳೆದುಕೊಂಡು, ಆ ಉಪ್ಪುಪ್ಪಾದದ್ದನ್ನು ಕೊನೆಯ ತನಕ ಕುಡಿದಳು.

ಹೊಳೆವ್ವನ ಸೀಮಂತದ ಕುಬಸ ಆಗಿದೆ. ಅಮಾವಾಸ್ಯೆ ಕಳೆದ ಕೂಡಲೇ ಹೆರಿಗೆಗೆ ತವರಿಗೆ ಹೊರಡುತ್ತಾಳೆ. ಉಳಿದವರಲ್ಲಿ ಹಾಗೆ ಮರೆತು ಮಾತಾಡುವವರು ಯಾರೂ ಇಲ್ಲ. ಇದನ್ನು ಹೇಳುವಾಗ ಚೌಡವ್ವ ಮಂಡಳದ ಒರಳು ತೊಳೆಯುತ್ತಿದ್ದಾಳೆ. ಹಸಿರು ನೀರು ಕಲ್ಲಿನ ಸಂದಿಯಿಂದ ಇಳಿದು ಮೋರಿಗೆ ಹೋಗುತ್ತಿದೆ.

"ಅವತ್ತ ತಗೊಳ್ಳಾಕ ಆಗಲಿಲ್ರಿ. ಕೈ ಏಳಲಿಲ್ಲ. ಇನ್ನೊಮ್ಮೆ ಅಂದ್ರ ತಗೊಂಡ ಬಿಡ್ತೇನಿ, ಎಲ್ಲಾರ ಎದುರಿಗೆ ಒಂದು ಗುಟುಕು ಕುಡದು, ಹೌದವಾ ಹೆಚ್ಚಾಗೈತಿ ಅಂತೇನಿ. ಅಷ್ಟ ಆಸೆ. ಆದ್ರ ಉಪ್ಪು ಹೆಚ್ಚಾಗಲಿಲ್ಲಂದ್ರ ಆಕಿ ಯಾಕ ಅಂದಾಳು? ಅದಕ್ಕ ದಿನಾ ಒಂದು ಚಿಟಿಕಿ ಹೆಚ್ಚ ಹಾಕೂಣು ಅಂತ ಮನಸ್ಸು ಮಾಡ್ಕೊಂಡ ಬರ್ತೇನ್ರಿ." ಅವಳು ಗುಂಡನ್ನು ಎತ್ತಿ ಒರಳಿನ ಪಕ್ಕಕ್ಕೆ ಬೋರಲು ಇಡುತ್ತಾಳೆ, ಎಡಗೈಯಿಂದ ಬಲ ರಟ್ಟೆ ಒತ್ತಿಕೊಳ್ಳುತ್ತಾಳೆ. "ಕೊಡದ ಮುಂದ ಕುಂತ ಮ್ಯಾಲ ಕೈ ಕೇಳವಲ್ದು. ಬೇಕಂತ ರುಚಿ ಕೆಡಸಾಕ ಅದಕ್ಕ ಬರವಲ್ದು."