ತಿಕೋಟೆಯಿಂದ ತಂದ ಮಾತಾಡುವ ಸೆಟ್ಟು

ನಂಬುವವರು ನಂಬಿ, ಬಿಡುವವರು ಬಿಡಿ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ ನಾನು. ದೆವ್ವದ ಕತೆ ಕಟ್ಟಲೆಂದು ಅಷ್ಟು ಕಷ್ಟಪಟ್ಟು ಓದಿದವನಲ್ಲ.

ಎಪ್ಪತ್ತರ ದಶಕ. ವಿಜಾಪುರದ ಅಥಣಿ ರಸ್ತೆಯಲ್ಲಿ ಬಾಡಿಗೆ ಕೋಣೆ. ಹವ್ಯಾಸಿ (ಹ್ಯಾಮ್) ರೇಡಿಯೊ ಪರೀಕ್ಷೆ ಪಾಸಾಗಿ ಲೈಸೆನ್ಸಿಗೆ ಕಾಯುತ್ತಿದ್ದೆ. ಅದು ಬರುವವರೆಗೆ ರೇಡಿಯೊದಲ್ಲಿ ಬೇರೆಯವರ ಮಾತು ಕೇಳಬಹುದು, ತಾನು ಮಾತಾಡುವಂತಿಲ್ಲ. ಒಂದು ಮಾತಾಡಿ ಸಿಕ್ಕಿಬಿದ್ದರೂ ಓದಿದ್ದೆಲ್ಲ ನೀರುಪಾಲು.

ತಿಕೋಟೆಯ ದಸ್ತಗೀರ ಸಾಹೇಬರ ಮನೆಯಲ್ಲಿ, ತೀರಿಹೋದ ಅವರ ಅಣ್ಣನ ಎರಡು ಹಳೆಯ ವಾಲ್ವ್ ರೇಡಿಯೊ ಸೆಟ್ಟುಗಳಿದ್ದವು; ಒಂದನ್ನು ತರಲು ಹೋದೆ. ಒಂದು ಬರೀ ಕೇಳುವುದು. ಇನ್ನೊಂದು ಮೈಕಿದ್ದ, ಮಾತಾಡುವ ಸೆಟ್ಟು.

"ಹೊಸಬರದೀರಿ, ಕೇಳೂದನ್ನ ಒಯ್ರಿ," ಎಂದರು. ನಾನು ಮೈಕಿಗೆ ಕೈಹಾಕಿದ್ದೇ ಮುಖ ಗಂಟಿಕ್ಕಿದರು. "ಕಲತವ್ರಿಗೆ ಹೇಳೂದು, ಗ್ವಾಡಿಗೆ ಹೇಳೂದು ಒಂದ."

ಆ ಮಾತಿನ ಸಿಟ್ಟಿಗೇ ಅದನ್ನು ಹೊತ್ತು ತಂದೆ.

ಅಂದು ರಾತ್ರಿ ಕಾಖಂಡಕಿಯಿಂದ ಅವ್ವ ಬಂದಿದ್ದಳು. ವಾಲ್ವುಗಳು ಕೆಂಪಗಾದವು. ಸುಟ್ಟ ಧೂಳಿನ ವಾಸನೆ, ಕರಗಿದ ಮೇಣದ ವಾಸನೆ... ಮುಳ್ಳು ತಿರುಗಿಸಿದೆ. ಬರೀ ಸುಯ್ಯೆನ್ನುವ ಗಾಳಿ. ಆಮೇಲೆ...

"ಮಲ್ಲ್ಯಾ..."

ಮನೆಯವರಷ್ಟೇ ಕರೆಯುವ ಹೆಸರು. ಬೆರಳು ಮೈಕಿನ ಗುಂಡಿಯ ಮೇಲಿತ್ತು. ಅವ್ವ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿದಳು.

"ಓ ಅನಬ್ಯಾಡ."

ರಾತ್ರಿ ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೇ ಓಗೊಡಬೇಕು. ದೆವ್ವಕ್ಕೆ ಮೂರನೇ ಸಲ ಕರೆಯಲು ಬರುವುದಿಲ್ಲ. ನಮ್ಮೂರಿನ ಮಾತದು.

"ಲೇ ಮಲ್ಲ್ಯಾ, ಕಿವಿ ಸತ್ತಾವೇನ?"

ಈ ಸಲ ಹಲ್ಲು ಕಡಿದ ದನಿ. ಪ್ಲಗ್ ಕಿತ್ತೆ. ಕಿತ್ತ ಮೇಲೂ ವಾಲ್ವ್ ಸೆಟ್ಟು ಒಂದೆರಡು ಕ್ಷಣ ಗುನುಗುತ್ತದೆ, ಗೊತ್ತಿತ್ತು. ಕಾದೆ. ವಾಲ್ವುಗಳು ಆರಿದವು. ಪೆಟ್ಟಿಗೆ ಮುಟ್ಟಿದರೆ ತಣ್ಣಗಿತ್ತು.

ಆಗ ಮೂರನೇ ಸಲ ಕರೆಯಿತು. ಮೆಲ್ಲಗೆ, ಅವ್ವನದೇ ದನಿಯಲ್ಲಿ.

ಅವ್ವನ ಕೈ ನನ್ನ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಸೆಟ್ಟನ್ನು ತಿಕೋಟೆಗೆ ಒಯ್ದೆ. ದಸ್ತಗೀರ ಸಾಹೇಬರು ಬಾಗಿಲಲ್ಲೇ ತಡೆದರು. ಕರೆಯಿತೇ ಎಂದೂ ಕೇಳಲಿಲ್ಲ.

"ನೀವ ಓ ಅಂದ್ರಿ ಏನ?"

ಇಲ್ಲ ಎಂದೆ.

"ನಮ್ಮಣ್ಣ ಅಂದಿದ್ದ," ಎಂದರು. ಸೆಟ್ಟನ್ನು ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತ ಒಳಗಿನಿಂದಲೇ ಹೇಳಿದರು: "ನೀವು ಅಂದಿಲ್ಲ. ಅದಕ್ಕ... ಇನ್ನೂ ಕರೀತೈತಿ."

ಲೈಸೆನ್ಸು ಬಂತು. ನಾನು ಇಂದಿಗೂ ಟೆಲಿಗ್ರಾಮಿನಂತೆ ಟಕ್ ಟಕ್ ಎನ್ನುವ ಮೋರ್ಸ್ ಕೀಲಿಯನ್ನಷ್ಟೇ ಒತ್ತುತ್ತೇನೆ, ಮೈಕು ಮುಟ್ಟಿಲ್ಲ. ಕತ್ತಲಾದ ಮೇಲೆ ಹೆಂಡತಿ ಕರೆದರೂ ಓಗೊಡುವುದಿಲ್ಲ. ಎದ್ದು ಹೋಗಿ ಮುಖ ನೋಡುತ್ತೇನೆ.

ಕೆಲವು ಸಲ... ಅವಳು ಗಾಢ ನಿದ್ದೆಯಲ್ಲಿರುತ್ತಾಳೆ.