ಬಡವನೆಂಬ ಪದವಿ

ನಿನ್ನೆ ನನ್ನ ನಿವೃತ್ತಿಗೆ ಸನ್ಮಾನ ಮಾಡಿ, ಚೌಕಟ್ಟು ಹಾಕಿದ ಪತ್ರವೊಂದನ್ನು ಕೊಟ್ಟರು. 'ಕಡುಬಡತನದಲ್ಲಿ ಅರಳಿದ ಪ್ರತಿಭೆ' ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದಾರೆ. ಅದನ್ನು ಓದಿದ ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕಳು. ಅವಳಿಗೆ ನಮ್ಮ ನಲವತ್ತು ಎಕರೆ ಎರೆಹೊಲ ಗೊತ್ತು.

ತಪ್ಪು ಬರೆದವರದಲ್ಲ ಬಿಡಿ, ನಾನು ದಾಖಲೆ ಸಮೇತ ಬಡವ. ಶಬ್ದಗಳಿಗೂ ನೌಕರರ ಹಾಗೆ ಬಡ್ತಿ ಸಿಗುತ್ತದೆ. ನಮ್ಮ ಕಡೆ ಮೊದಲು ಯಾರನ್ನಾದರೂ ಎದುರಿಗೇ 'ಬಡವ' ಅಂದರೆ ಬೈದ ಹಾಗೆ. ಮನೆಯಲ್ಲಿ ಹಿಟ್ಟಿಲ್ಲದವರೂ 'ನಡದೈತ್ರಿ' ಅನ್ನುತ್ತಿದ್ದರು, ಅದೇ ರಿವಾಜು. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಶಬ್ದಕ್ಕೆ ಬಡ್ತಿ ಸಿಕ್ಕಿತು. ಅದು ಊರಿನಲ್ಲಿ ಮೊದಲು ತಿಳಿದದ್ದು, ನೀವೇ ಹೇಳಿ, ಯಾರಿಗೆ ತಿಳಿಯಬೇಕು? ನಮ್ಮ ಅಜ್ಜನಿಗೆ.

ಅಣ್ಣಿಗೇರಿಯಲ್ಲಿ ಬಡ ಮಕ್ಕಳಿಗೆ ಪುಕ್ಕಟೆ ಹಾಸ್ಟೆಲ್ ಇತ್ತು. ನಮ್ಮೂರಿಗೆ ಒಂದೇ ಸೀಟು. ಏಳನೇ ಇಯತ್ತೆ ಪಾಸಾದವರು ಇಬ್ಬರು: ನಾನು, ಮತ್ತು ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಯಲ್ಲಪ್ಪನ ಮಗ ಫಕೀರಪ್ಪ. ಓದಿನಲ್ಲಿ ಅವನು ನನಗಿಂತ ಶಾಣ್ಯಾ. ಸನ್ಮಾನಪತ್ರದಲ್ಲಿ ಇದಕ್ಕೆ ಜಾಗ ಸಾಲಲಿಲ್ಲ. ಸೀಟು ಸಿಗದಿದ್ದರೆ ಅವನ ಸಾಲಿ ಅಲ್ಲಿಗೇ ಮುಗಿಯುತ್ತಿತ್ತು.

ಫಾರ್ಮು ತುಂಬಲು ಬಂದ, ಊರ ಲೆಕ್ಕಪತ್ರ ಬರೆಯುವ ತಲಾಟಿ ಚಾವಡಿಯಲ್ಲಿ, ಊರವರೆಲ್ಲರ ಎದುರಿಗೆ ಕೇಳಿದರು: "ಯಲ್ಲಪ್ಪಾ, ನೀ ಬಡವ ಏನು?"

ಯಲ್ಲಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. "ಯಾಕ್ರಿ, ದುಡದ ತಿಂತೀನಿ. ಯಾರ ಬಾಗಲಕ್ಕರ ಹೋಗಿ ನಿಂತೀನೇನ್ರಿ?"

ತಲಾಟಿ 'ಅಲ್ಲ' ಎಂದು ಬರೆದುಕೊಂಡರು. ಬರವಣಿಗೆಯಲ್ಲಿ ಅವರು ಬಹಳ ಪ್ರಾಮಾಣಿಕರು.

ಅಜ್ಜ ಬೆಳ್ಳಿ ಕಟ್ಟಿನ ಕೋಲು ಊರುತ್ತ ಮುಂದೆ ಬಂದ. "ನಾವು ಭಾಳ ಬಡವ್ರು, ಬರ್ಕೋರಿ." ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆದುಕೊಂಡರು. ಚಾವಡಿಯಲ್ಲಿ ಯಾರೂ ನಗಲಿಲ್ಲ. ಅರ್ಧ ಊರು ನಮ್ಮ ಹೊಲದಲ್ಲೇ ದುಡಿಯುತ್ತಿತ್ತು. ಆ ಜೂನ್ ತಿಂಗಳಲ್ಲಿ ನಾನು ಟ್ರಂಕು ಹಿಡಿದು ಅಣ್ಣಿಗೇರಿಗೆ ಹೋದೆ. ಫಕೀರಪ್ಪ ಅಪ್ಪನ ಜೊತೆ ನಮ್ಮ ಹೊಲಕ್ಕೆ ಹೋದ.

ಇವತ್ತು ಮುಂಜಾನೆ ಅವನು ಮನೆಗೆ ಬಂದಿದ್ದ, ಮೊಮ್ಮಗಳ ಹಾಸ್ಟೆಲ್ ಫಾರ್ಮು ತುಂಬಿಸಿಕೊಳ್ಳಲು. ನನಗೆ ಇನ್ನೂ 'ಲೇ' ಅನ್ನುವವನು ಅವನೊಬ್ಬನೇ. ನಾನು ಕೇಳುವ ಮೊದಲೇ ಹೇಳಿದ: "ಬಡವ್ರು ಅಂತ ಬರಿ. ನಮ್ಮಪ್ಪ ಮಾಡಿದಂಗ ನಾ ಮಾಡಂಗಿಲ್ಲ."

ಬರೆದೆ. ನಾಚಿಕೆಯಾಯಿತು, ನಲವತ್ತೇಳು ವರ್ಷ ತಡವಾಗಿ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವನು ಕೇಳಿದ: "ಅಲ್ಲಲೇ, ಆ ಹಾಸ್ಟೆಲ್ದಾಗ ಊಟಕ್ಕ ಏನ್ ಕೊಡ್ತಿದ್ರು?"

ನನಗೆ ಗೊತ್ತಿರಲಿಲ್ಲ. ನನಗೆ ದಿನಾ ಮನೆಯಿಂದ ಬುತ್ತಿ ಬರುತ್ತಿತ್ತು.